ಕಲ್ಯಾಣದ ನೆಲವನ್ನು ಕುರಿತ ಕೆಲವು ತಪ್ಪು ಕಲ್ಪನೆಗಳು

ಎಂಟು ವರ್ಷಗಳಿಂದ ನಮ್ಮ ವಾಸ ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ, ಮಗನ ಮನೆಯಲ್ಲಿ. ನಾವು ಹುಟ್ಟಿ ಬೆಳೆದದ್ದು ಬೀದರ ಜಿಲ್ಲೆಯ ಭಾಲ್ಕಿ ಸೀಮೆಯ ಒಂದು ಹಳ್ಳಿಯಲ್ಲಿ. ಅಕ್ಷರಾಭ್ಯಾಸವೂ ಮುಂದೆ ಸಂಸ್ಕೃತ ಹಾಗೂ ಶರಣಸಾಹಿತ್ಯದ ಅಧ್ಯಯನವೂ ನಡೆದದ್ದು ಅದೇ ಕಡೆಯ ಮಠವೊಂದರ ಉಚಿತ ಪ್ರಸಾದ ನಿಲಯದಲ್ಲಿ. ಈ ಲೇಖನವನ್ನು ಬರೆಯಲು ಪ್ರೇರಣೆಯಾದುದು ಒಂದು ಸಣ್ಣ ಪ್ರಸಂಗ.

ಕಳೆದ ಶ್ರಾವಣದ ಒಂದು ಭಾನುವಾರ ಮೊಮ್ಮಗಳ ಸಹಪಾಠಿಗಳು ನಾಲ್ವರು ಮನೆಗೆ ಬಂದಿದ್ದರು. ನಮ್ಮ ಮನೆಯವರು ಬಾಗಿಲಿಗೆ ಹೋಗಿ, “ಬರ್ರಿ ಯವ್ವಾ, ಒಳಗ ಬರ್ರಿ, ಕೂಡ್ರಿ” ಎಂದು ಕರೆದರು. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಸಿನಿಮಾದಲ್ಲಿ ನಗಿಸಲು ಬರುವವರು ಹೀಗೆಯೇ ಮಾತನಾಡುತ್ತಾರೆಂದು ಒಬ್ಬಳು ಹೇಳಿದಳು. ಅವರೆಲ್ಲ ಹೋದ ಮೇಲೆ ಮೊಮ್ಮಗಳು ಅಡುಗೆಮನೆಗೆ ಬಂದು, “ಆಯಿ, ಇನ್ನು ಮೇಲೆ ನನ್ನ ಫ್ರೆಂಡ್ಸ್ ಬಂದಾಗ ನೀನು ಸ್ವಲ್ಪ ಸುಮ್ಮನಿರು” ಎಂದಳು. ಮನೆಯವರು ಏನನ್ನೂ ಹೇಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಆರಂಭವಾಯಿತು.

ಹತ್ತು ವರ್ಷದ ಮಗುವಿನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಆ ಮಾತನ್ನು ಅದು ತಾನಾಗಿ ಕಲಿತದ್ದಲ್ಲ. ಸಂಜೆ ಉದ್ಯಾನದಲ್ಲಿ ನಮ್ಮೊಡನೆ ಕುಳಿತುಕೊಳ್ಳುವ ಹಿರಿಯರೂ, ಸಜ್ಜನರೂ ವಿದ್ಯಾವಂತರೂ ಆದವರು, ನಮ್ಮ ಊರಿನ ಹೆಸರು ಬಂದೊಡನೆ ಹೇಳುವ ಮಾತುಗಳು ಬಹುಮಟ್ಟಿಗೆ ನಾಲ್ಕೇ: ಅದು ಬಿಸಿಲಿನ, ಬರಗಾಲದ ನಾಡು, ಅಲ್ಲಿಯ ಜನರ ಮಾತು ಒರಟು, ಅದು ಅರ್ಧ ಉರ್ದು, ಶುದ್ಧ ಕನ್ನಡವಲ್ಲ, ಅಲ್ಲಿ ವಿದ್ಯೆಯಿಲ್ಲ, ಎಲ್ಲವೂ ಹಿಂದುಳಿದದ್ದು. ಇವರಲ್ಲಿ ಬಹುಮಂದಿ ದಾವಣಗೆರೆಯನ್ನು ದಾಟಿ ಉತ್ತರಕ್ಕೆ ಹೋದವರಲ್ಲ. ಬೆಂಗಳೂರಿನಿಂದ ಬೀದರಕ್ಕೆ ಸುಮಾರು 700 ಕಿಲೋಮೀಟರು. ಅಷ್ಟು ದೂರದ ನೆಲವನ್ನು ಕುರಿತು ಕೇಳಿದ್ದೇ ಕಂಡದ್ದಾಗುತ್ತದೆ.

ಇಂತಹ ತಪ್ಪು ನಮ್ಮಿಂದಲೂ ಆಗಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಇಲ್ಲಿಗೆ ಬರುವಾಗ ಬಿಟಿಎಂ ಎಂದರೆ ಮೂರು ಇಂಗ್ಲಿಷ್ ಅಕ್ಷರಗಳ ಒಂದು ಬಡಾವಣೆ, ಹಿಂದುಮುಂದಿಲ್ಲದ ಊರು, ಪಕ್ಕದ ಮನೆಯವರ ಹೆಸರು ತಿಳಿಯದ ಜನ ಎಂದೇ ನಾವು ಭಾವಿಸಿದ್ದೆವು. ಆ ಮೂರು ಅಕ್ಷರಗಳೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆಯೆಂಬುದು ಆಮೇಲೆ ತಿಳಿಯಿತು. ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ ಶತಮಾನಗಳ ಹಿಂದಿನ ಶಾಸನಗಳಿವೆ. ಇಲ್ಲಿಗೆ ಸಮೀಪದ ಬೇಗೂರಿನಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲಿದ್ದು, ಬೆಂಗಳೂರು ಎಂಬ ಹೆಸರು ಅದರಲ್ಲಿ ಕನ್ನಡದಲ್ಲಿಯೇ ಕೆತ್ತಲ್ಪಟ್ಟಿದೆ. ಇನ್ನು ಜನರ ಮಾತು. ನಾವು ಬಂದ ವರ್ಷವೇ ನಮ್ಮ ಮನೆಯವರು ಜ್ವರದಿಂದ ಮಲಗಿದಾಗ ಎದುರು ಮನೆಯ ತಾಯಿಯೊಬ್ಬರು, ಭಾಷೆ ಬೇರೆ, ಆಚಾರ ಬೇರೆ, ಮೂರು ದಿನ ಗಂಜಿ ಕಾಯಿಸಿ ತಂದುಕೊಟ್ಟರು. ಅಂದಿನಿಂದ ಬೆಂಗಳೂರಿನವರನ್ನು ಕುರಿತು ನಾವು ಹಗುರವಾಗಿ ಮಾತನಾಡಿಲ್ಲ. ಅದೇ ನ್ಯಾಯವನ್ನು ನಮ್ಮ ನೆಲಕ್ಕೂ ಬೇಡುವುದು ತಪ್ಪಾಗಲಾರದು.

ಬಿಸಿಲು, ಬರ

ರಾಯಚೂರು, ಕಲಬುರಗಿಗಳ ವೈಶಾಖದ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೀದರ ಪಟ್ಟಣವು ಸಮುದ್ರಮಟ್ಟದಿಂದ 2,000 ಅಡಿಗಿಂತ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಚಳಿಗಾಲದಲ್ಲಿ ರಾಜ್ಯದ ಅತಿ ಕಡಮೆ ಉಷ್ಣಾಂಶ ಬೀದರದಲ್ಲಿ ದಾಖಲಾಯಿತೆಂಬ ವಾರ್ತೆಯನ್ನು ವಾಚಕರು ಎಷ್ಟೋ ಬಾರಿ ಪತ್ರಿಕೆಗಳಲ್ಲಿ ಓದಿರಬೇಕು. ಅಲ್ಲಿಯ ವಾಡಿಕೆಯ ಮಳೆ 800 ಮಿಲಿಮೀಟರಿಗಿಂತ ಹೆಚ್ಚು. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳಿಗೆ ಅಷ್ಟು ಮಳೆಯಿಲ್ಲ. ನೀರನ್ನು ಕಾಪಾಡುವ ವಿದ್ಯೆಯೂ ಅಲ್ಲಿಯವರಿಗೆ ಹೊಸದಲ್ಲ. ಬಹಮನಿ ಅರಸರ ಕಾಲದಲ್ಲಿ ಬೀದರದ ಬಳಿ ನೆಲದೊಳಗೆ ಕಾಲುವೆ ಕೊರೆದು, ಅಲ್ಲಲ್ಲಿ ಬಾವಿಗಳನ್ನು ತೋಡಿ ನೀರು ಹರಿಸಿದ ‘ಕರೇಜ್’ ಎಂಬ ವ್ಯವಸ್ಥೆ ಇಂದಿಗೂ ನೌಬಾದಿನಲ್ಲಿ ನೋಡಸಿಗುತ್ತದೆ.

ಬರಗಾಲದ ನಾಡೆಂದು ಹೇಳುವವರು ತಮ್ಮ ತಟ್ಟೆಯನ್ನೊಮ್ಮೆ ನೋಡಿಕೊಳ್ಳಲಿ. ಬೆಂಗಳೂರಿನ ಸಾರಿಗೂ ಹುಳಿಗೂ ಬೇಕಾದ ತೊಗರಿ ಬೆಳೆಯುವುದು ಮುಖ್ಯವಾಗಿ ಕಲಬುರಗಿ ಸೀಮೆಯ ಕರಿ ಮಣ್ಣಿನಲ್ಲಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲು ಬಂದದ್ದು ಆ ಜಿಲ್ಲೆಯಿಂದಲೇ. ವಾಡಿ, ಸೇಡಂಗಳ ಸಿಮೆಂಟು ಇಲ್ಲದೆ ಈ ನಗರದ ಎಷ್ಟು ಮಹಡಿಗಳು ಎದ್ದಾವು? ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಆರಂಭವಾಗಿ 1,720 ಮೆಗಾವಾಟಿನವರೆಗೆ ಬೆಳೆದ ಶಾಖೋತ್ಪನ್ನ ಕೇಂದ್ರವು ಬಹುಕಾಲ ರಾಜ್ಯದ ವಿದ್ಯುತ್ತಿನ ದೊಡ್ಡ ಆಸರೆಯಾಗಿತ್ತು. ಆ ಊರಿನ ಬಿಸಿಲನ್ನು ಹಾಸ್ಯ ಮಾಡುವವರ ಮನೆಯಲ್ಲಿ ದೀಪ ಉರಿದದ್ದು ಆ ಊರಿನಿಂದ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆಯೂ ನಾಡಿಗೆ ಚಿನ್ನ ಕೊಡುತ್ತಿರುವ ಹಟ್ಟಿ ಇರುವುದು ಅದೇ ರಾಯಚೂರು ಜಿಲ್ಲೆಯಲ್ಲಿ.

ಮಾತಿನ ಒರಟುತನ

ನಮ್ಮ ಮಾತು ಗಟ್ಟಿ, ನಿಜ. ಬಯಲಿನಲ್ಲಿ, ಹೊಲದಿಂದ ಹೊಲಕ್ಕೆ ಕರೆದು ಮಾತನಾಡಿದ ಕಂಠ ಅದು. ಆದರೆ ಗಟ್ಟಿತನ ಬೇರೆ, ಒರಟುತನ ಬೇರೆ. ನಮ್ಮ ಕಡೆ ಹಿರಿಯರಿಗೆ ಮಾತ್ರವಲ್ಲ, ಅಪರಿಚಿತರಿಗೂ ಚಿಕ್ಕವರಿಗೂ ‘ರೀ’ ಹಚ್ಚದೆ ಮಾತು ಮುಗಿಯುವುದಿಲ್ಲ. ಐದು ವರ್ಷದ ಹುಡುಗಿಯನ್ನು ‘ಯವ್ವಾ’ ಎಂದೂ ಹುಡುಗನನ್ನು ‘ಯಪ್ಪಾ’ ಎಂದೂ ಕರೆಯುತ್ತೇವೆ. ಮಗುವನ್ನು ತಾಯಿಯೆಂದು, ತಂದೆಯೆಂದು ಕರೆಯುವ ಮಾತು ಒರಟಾಗುವುದು ಹೇಗೆ? ಅಂದು ಬಾಗಿಲಿಗೆ ಬಂದ ಆ ನಾಲ್ವರು ಮಕ್ಕಳನ್ನು ನಮ್ಮ ಮನೆಯವರು ಕರೆದದ್ದೂ ಹಾಗೆಯೇ. ಅವರಿಗೆ ಸಲ್ಲಿಸಿದ ಮರ್ಯಾದೆಗೇ ಅವರು ನಕ್ಕರು.

ಉರ್ದು ಬೆರೆತ ಕನ್ನಡವೆಂಬ ಆಕ್ಷೇಪಣೆಗೂ ಉತ್ತರವಿದೆ. ಸರ್ಕಾರ, ಜಿಲ್ಲೆ, ತಾಲ್ಲೂಕು, ಅರ್ಜಿ, ಕಾಯಿದೆ, ಜಮೀನು, ವಕೀಲ, ಬಾಕಿ, ರಜೆ ಇವೆಲ್ಲ ಪಾರಸಿ, ಅರಬ್ಬಿ ಮೂಲದ ಮಾತುಗಳು. ಇವುಗಳನ್ನು ಬಿಟ್ಟು ಬೆಂಗಳೂರಿನ ಯಾವ ಕಚೇರಿ ಒಂದು ದಿನ ನಡೆದೀತು? ಅವರ ಬಾಯಲ್ಲಿ ಕನ್ನಡವಾದದ್ದು ನಮ್ಮ ಬಾಯಲ್ಲಿ ಉರ್ದುವಾಗುವುದು ವಿಚಿತ್ರ. ನಮಗೆ ಉರ್ದುವಿನ ಮೇಲೆ ದ್ವೇಷವಿಲ್ಲ. ಬೀದರ ಸಮೀಪದ ಅಷ್ಟೂರಿನಲ್ಲಿರುವ ಅಹಮದ್ ಷಾ ವಲಿಯ ಗುಮ್ಮಟಕ್ಕೆ ನಮ್ಮ ಜನ ಅಲ್ಲಮಪ್ರಭುವಿನ ಹೆಸರಿನಲ್ಲಿ ನಡೆದುಕೊಳ್ಳುತ್ತ ಬಂದಿದ್ದಾರೆ, ಉರುಸಿಗೆ ಜಂಗಮರು ಬರುವ ಪದ್ಧತಿ ಇದೆ. ಕೂಡಿ ಬಾಳಿದವರ ಭಾಷೆಗಳೂ ಕೂಡಿಯೇ ಬಾಳುತ್ತವೆ.

ಇನ್ನು ಶುದ್ಧ ಕನ್ನಡ ಯಾವುದು? ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಕನ್ನಡದ ತಿರುಳು ಎಲ್ಲಿದೆ ಎಂಬುದಕ್ಕೆ ಆ ಗ್ರಂಥ ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳೂ ಉತ್ತರದವು. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ನಮ್ಮ ಬೀದರ ಆ ಎಲ್ಲೆಯೊಳಗೆ ಇಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇವೆ, ಬೆಂಗಳೂರೂ ಇಲ್ಲ. ಹೀಗಿರುವಾಗ ಯಾರ ಕನ್ನಡವನ್ನು ಯಾರು ಅಳೆಯಬೇಕು? ಎಲ್ಲ ಸೀಮೆಗಳ ಮಾತೂ ಕನ್ನಡವೇ ಎಂದು ಒಪ್ಪುವುದೇ ವಿವೇಕ.

ವಿದ್ಯೆಯ ಪ್ರಶ್ನೆ

ಆ ನೆಲದಲ್ಲಿ ವಿದ್ಯೆ ಎಂದೂ ಇರಲಿಲ್ಲವೆಂಬ ಮಾತು ಇತಿಹಾಸ ಅರಿಯದವರ ಮಾತು. ಬಾರತದ ನ್ಯಾಯಾಲಯಗಳು ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಬಹುಕಾಲ ಆಧಾರವಾಗಿಟ್ಟುಕೊಂಡ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ರಚಿಸಿದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಕಾಶ್ಮೀರದ ಕವಿ ಬಿಲ್ಹಣನು ಆಶ್ರಯ ಅರಸಿ ಬಂದದ್ದೂ ಅಲ್ಲಿಗೇ. ಮುಂದಿನ ತಲೆಮಾರಿನಲ್ಲಿ ಬಸವಾದಿ ಶರಣರು ಅದೇ ಕಲ್ಯಾಣದಲ್ಲಿ ಕಾಯಕಜೀವಿಗಳ ಬಾಯಲ್ಲಿ ಅನುಭಾವವನ್ನು ನುಡಿಸಿದ್ದನ್ನು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಬೀದರದಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಭವ್ಯ ಅವಶೇಷ ಇಂದಿಗೂ ನಿಂತಿದೆ. ಅಶೋಕನ ಹೆಸರನ್ನೇ ಹೇಳುವ ಶಾಸನ ಮೊದಲು ದೊರೆತದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಹಾಗಾದರೆ ಇಂತಹ ನೆಲ ಹಿಂದೆ ಬಿದ್ದದ್ದೇಕೆ? ಜನರ ಸೋಮಾರಿತನದಿಂದಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. ಆಡಳಿತವೂ ಮೇಲಿನ ಶಿಕ್ಷಣವೂ ಉರ್ದುವಿನಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಒಂದು ವರ್ಷ ಕಾದು, 1948ರ ಸೆಪ್ಟೆಂಬರ್ 17ರಂದು ಆ ಭಾಗಕ್ಕೆ ಬಿಡುಗಡೆಯಾಯಿತು. 1956ರ ನವೆಂಬರ್ 1ರಂದು ಕನ್ನಡ ನಾಡಿನೊಡನೆ ಅದು ಒಂದಾಯಿತು. ಮೈಸೂರಿನಲ್ಲಿ ವಿಶ್ವವಿದ್ಯಾಲಯ ಆರಂಭವಾದದ್ದು 1916ರಲ್ಲಿ; ಕಲಬುರಗಿಯಲ್ಲಿ 1980ರಲ್ಲಿ. ಇವೆರಡರ ನಡುವಿನ 64 ವರ್ಷಗಳಲ್ಲಿ ಎರಡು ಮೂರು ತಲೆಮಾರುಗಳ ಭಾಗ್ಯ ನಿರ್ಧಾರವಾಗಿಹೋಯಿತು.

ಆ ಕತ್ತಲೆಯಲ್ಲಿಯೂ ದೀಪ ಹಿಡಿದವರಿದ್ದರು. ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿಯನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. 1999ರಲ್ಲಿ ಅವರು ಲಿಂಗೈಕ್ಯರಾದರು. ಬೆಂಗಳೂರಿನ ಮಕ್ಕಳಿಗೆ ಕನ್ನಡವು ಪಠ್ಯಪುಸ್ತಕದ ಒಂದು ವಿಷಯ. ನಮ್ಮ ಹಿರಿಯರಿಗೆ ಅದು ಬಚ್ಚಿಟ್ಟು ಕಲಿಯಬೇಕಾದ ವಿದ್ಯೆಯಾಗಿತ್ತು. ಹಾಗೆ ಕಲಿತವರ ಸೊಸೆಯಂದಿರು, ಮೊಮ್ಮಕ್ಕಳು ಆಡುವ ಮಾತಿಗೆ ಇಂದು ನಗು ಬರುತ್ತದೆ!

ಅಂಕಿ ಅಂಶಗಳನ್ನೂ ನೋಡೋಣ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ನೂರಕ್ಕೆ 75.36. ಬೀದರ ಜಿಲ್ಲೆಯದು 70.51, ಮಂಡ್ಯದ್ದು 70.40. ಕಲಬುರಗಿಯದು 64.85, ಚಾಮರಾಜನಗರದ್ದು 61.43. ಮಂಡ್ಯ, ಚಾಮರಾಜನಗರಗಳನ್ನು ಕಡಮೆ ಮಾಡಿ ತೋರಿಸಲು ಇದನ್ನು ಹೇಳುತ್ತಿಲ್ಲ. ಒಂದೇ ಅಳತೆಯಿದ್ದರೂ ಹೆಸರು ಮಾತ್ರ ಒಬ್ಬರಿಗೇ ಅಂಟುವುದೇಕೆಂದು ಕೇಳುತ್ತಿದ್ದೇವೆ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಸಲ್ಲಿಸಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ ಉತ್ತರದವು 59, ದಕ್ಷಿಣದವು 55. ಹಿಂದುಳಿದಿರುವಿಕೆ ಒಂದು ದಿಕ್ಕಿನ ಸೊತ್ತಲ್ಲ.

ಒಪ್ಪಿಕೊಳ್ಳಬೇಕಾದ ಸತ್ಯ

ಆದರೆ ಇಷ್ಟನ್ನೇ ಹೇಳಿ ಲೇಖನಿ ಕೆಳಗಿಟ್ಟರೆ ಅದು ಜಂಬವಾದೀತು. ಅದೇ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವೇ. ಅದೇ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83, ರಾಜ್ಯದಲ್ಲಿಯೇ ಕನಿಷ್ಠ. ಮಳಖೇಡದ ಹಿರಿಮೆಯನ್ನು ಎಷ್ಟು ಹೊಗಳಿದರೂ ಯಾದಗಿರಿಯ ಹಳ್ಳಿಯ ಹೆಣ್ಣುಮಗುವಿನ ಕೈಗೆ ಪಾಟಿ ಬರುವುದಿಲ್ಲ. ನೃಪತುಂಗನ ಹೆಸರು ಹೇಳಿ ಇಂದಿನ ಕೊರತೆಯನ್ನು ಮುಚ್ಚುವುದೂ, ಇಂದಿನ ಕೊರತೆಯನ್ನು ತೋರಿಸಿ ಜನರನ್ನೇ ಹೀನರೆನ್ನುವುದೂ ಎರಡೂ ಅಸತ್ಯವೇ.

ಈ ಕೊರತೆಯನ್ನು ತುಂಬಲೆಂದೇ ವೈಜನಾಥ ಪಾಟೀಲರಂತಹವರು ದಶಕಗಳ ಕಾಲ ಹೋರಾಡಿದರು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಈಗ ನಮ್ಮ ಕಡೆಯ ಹುಡುಗರು ಬೆಂಗಳೂರಿನ ಕಾಲೇಜುಗಳಿಗೆ ಬಂದರೆ, ಬಿಟ್ಟಿ ಸೀಟಿನವರೆಂಬ ಮಾತು ಕೇಳಬೇಕಾಗಿದೆ. ನೂರು ಗಜ ಹಿಂದಿನಿಂದ ಓಡಲು ತೊಡಗಿದವನಿಗೆ ನಾಲ್ಕು ಗಜ ಮುಂದೆ ನಿಲ್ಲಿಸಿದರೆ ಅದು ಭಿಕ್ಷೆಯಲ್ಲ, ತಡವಾಗಿ ಸಂದ ನ್ಯಾಯ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಕಟ್ಟಡ ಏಳುತ್ತಿದೆ. ಅಲ್ಲಿ ತಗಡಿನ ಶೆಡ್ಡುಗಳಲ್ಲಿರುವ ಕೂಲಿಕಾರರು ಯಾದಗಿರಿ, ರಾಯಚೂರು ಕಡೆಯವರು. ಒಂದು ದಿನ ಕಾಯಿಪಲ್ಯದ ಅಂಗಡಿಯಲ್ಲಿ ಅವರಲ್ಲೊಬ್ಬ ತಾಯಿ ದರ ಕೇಳಿದಾಗ, “ಈ ಕಡೆಯವರು ಬಂದರೆ ಗಲಾಟೆಯೇ” ಎಂದು ಯಾರೋ ಗೊಣಗಿದರು. ನಾವು ಅಲ್ಲಿಯೇ ನಿಂತಿದ್ದೆವು. ಮಾತನಾಡಲಿಲ್ಲ. ನಮ್ಮ ನಾಲಗೆ ಏಳದಿರಲು ಕಾರಣವೇನೆಂದು ಆ ರಾತ್ರಿ ವಿಚಾರಿಸಿಕೊಂಡೆವು. ಇಲ್ಲಿಗೆ ಬಂದ ಹೊಸದರಲ್ಲಿ ಪ್ರವಚನವೊಂದರ ಬಳಿಕ, “ನೀವು ಆ ಕಡೆಯವರೆಂದು ಗೊತ್ತೇ ಆಗಲಿಲ್ಲ” ಎಂದು ಒಬ್ಬರು ಮೆಚ್ಚಿದ್ದರು. ನಾವು ಆ ಮೆಚ್ಚುಗೆಯನ್ನು ಸ್ವೀಕರಿಸಿದ್ದೆವು. ಅಂದಿನಿಂದ ಹೊರಗೆ ಒಂದು ಮಾತು, ಮನೆಯೊಳಗೆ ಒಂದು ಮಾತು ನಡೆದು ಬಂದಿತ್ತು. ಮೊಮ್ಮಗಳು ಆಯಿಯ ಬಾಯಿ ಮುಚ್ಚಿಸಲು ಕಲಿತದ್ದು ಸಹಪಾಠಿಗಳ ನಗುವಿನಿಂದ ಮಾತ್ರವಲ್ಲ, ಮುತ್ಯಾನ ನಡೆಯಿಂದಲೂ ಎಂಬುದು ಅಂದು ಮನವರಿಕೆಯಾಯಿತು. ಹೊರಗಿನವರ ತಪ್ಪು ಕಲ್ಪನೆಗಿಂತ ಒಳಗಿನವರ ನಾಚಿಕೆ ದೊಡ್ಡ ಕೇಡು.

ಮನೆಮಂದಿಗೆ ನಮ್ಮ ಬಿನ್ನಹ

ಇದಕ್ಕೆ ಜಗಳ ಪರಿಹಾರವಲ್ಲ, ಪರಿಚಯ ಪರಿಹಾರ. ಕಳೆದ ಎಳ್ಳಮಾವಾಸ್ಯೆಗೆ ಮೊಮ್ಮಗಳನ್ನು ಊರಿಗೆ ಕರೆದೊಯ್ದೆವು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿಗಳನ್ನು ಬಂಧುಗಳೊಡನೆ ಉಣ್ಣುತ್ತಾರೆ. ಹಾದಿಯಲ್ಲಿ ಹೋಗುವವರನ್ನೂ, ಯಾರು ಯಾವ ಊರು ಎಂದು ಕೇಳುವ ಮೊದಲೇ, “ಬರ್ರಿ, ಉಣ್ಣಬರ್ರಿ” ಎಂದು ಕೂಗಿ ಕರೆಯುತ್ತಾರೆ. ಆ ಕೂಗು ಗಟ್ಟಿಯಾಗಿಯೇ ಇತ್ತು. ಎರಡು ಹೊಲಗಳಾಚೆಯವರಿಗೆ ಕೇಳಿಸಬೇಕಲ್ಲ! ಮಗು ಮೊದಲ ದಿನ ಸುಮ್ಮನಿದ್ದಳು. ಮೂರನೆಯ ದಿನ ಅತ್ತೆಯ ಮಕ್ಕಳೊಡನೆ ತಾನೂ ಕೂಗುತ್ತಿದ್ದಳು. ಬರುವ ದಾರಿಯಲ್ಲಿ ಬಸವಕಲ್ಯಾಣವನ್ನೂ ಬೀದರದ ಕೋಟೆಯನ್ನೂ ತೋರಿಸಿದೆವು. ಸತು ತಾಮ್ರಗಳ ಪಾತ್ರೆಗೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರಿಸುವ ಬಿದರಿ ಕುಶಲಕರ್ಮಿಯ ಮುಂದೆ ಒಂದು ಗಂಟೆ ಕುಳಿತಳು. ಬೇರೆ ಯಾವ ಮಣ್ಣಿನಿಂದಲೂ ಇಂಥ ಕಪ್ಪು ಬರುವುದಿಲ್ಲವೆಂದು ಆ ಕುಶಲಕರ್ಮಿ ಹೇಳಿದ ಮಾತನ್ನು ಬೆಂಗಳೂರಿಗೆ ಬಂದು ಎಲ್ಲರಿಗೂ ಹೇಳಿದಳು.

ಆಯಿಗೆ ಆಡಿದ ಮಾತಿಗೆ ಅವಳು ಕ್ಷಮೆ ಕೇಳಿದಳೆಂದು ಬರೆದರೆ ಸುಳ್ಳಾದೀತು. ಆದರೆ ಮೊನ್ನೆ ಅದೇ ಸಹಪಾಠಿಗಳು ಬಂದಾಗ ಬಾಗಿಲು ತೆರೆದವಳು ಅವಳೇ. ಒಳಗಿನಿಂದ ನಮ್ಮ ಮನೆಯವರು, ಕರೆಯಬೇಕೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದರು. ಮೊಮ್ಮಗಳು ತಿರುಗಿ ನೋಡಿ, “ಆಯಿ, ಬರ್ರಿ ಅನ್ನಲ್ಲೇನು?” ಎಂದಳು.

ಈ ನಗರದಲ್ಲಿ ನೆಲೆಸಿರುವ ನಮ್ಮ ಕಡೆಯ ಸದ್ಭಕ್ತ ಕುಟುಂಬಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಮನೆಯ ಮಾತನ್ನು ಮನೆಯೊಳಗೆ ಅಡಗಿಸಬೇಡಿ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಊರಿಗೆ ಕರೆದೊಯ್ಯಿರಿ. ಸಾಧ್ಯವಾದರೆ ಅವರ ಒಬ್ಬ ಗೆಳೆಯನನ್ನೂ ಜೊತೆಗೆ ಕರೆದೊಯ್ಯಿರಿ. ಕಟ್ಟಡದ ಬಳಿ ನಮ್ಮ ಕಡೆಯ ಕೂಲಿಕಾರರು ಕಂಡರೆ ನಿಂತು ಊರು ಕೇಳಿ, ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸಿ, ಹೋಗದಿದ್ದರೆ ಸೇರಿಸಿ. ದಕ್ಷಿಣದ ವಾಚಕರಲ್ಲಿಯೂ ಒಂದು ಬಿನ್ನಹ: ಒಮ್ಮೆ ಎಳ್ಳಮಾವಾಸ್ಯೆಗೆ ನಮ್ಮ ಕಡೆ ಬನ್ನಿ. ಕರೆಯುವ ಕೂಗು ಗಟ್ಟಿಯಾಗಿದ್ದರೆ ಒರಟೆಂದು ತಿಳಿಯದೆ ಹೊಲಕ್ಕೆ ಇಳಿಯಿರಿ. ಬಂದವರು ಯಾವ ಸೀಮೆಯವರೆಂದು ಕಲ್ಯಾಣ ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ.